ಗ್ವಾದಲಹಾರದಲ್ಲಿ ಹಿರಿಯರ ಹಬ್ಬ

(ದಾವಣಗೆರೆಯಲ್ಲಿ ಓದುಗರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪರದೇಶದಲ್ಲಿ ಹಬ್ಬ ಮಾಡುವವರಿಗೆ ಮೊದಲು ಎದುರಾಗುವುದು ತಿಥಿಯ ಪ್ರಶ್ನೆ. ಅಡುಗೆಯ ಚಿಂತೆ ಆಮೇಲಿನದು. 2024ರ ದೀಪಾವಳಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಅಮಾವಾಸ್ಯೆ ನಮ್ಮ ಇಲ್ಲಿನ ಗಡಿಯಾರದಲ್ಲಿ ಅಕ್ಟೋಬರ್ 31ರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಹಿಡಿದು, ಮರುದಿನ ಸಂಜೆ ಆರೂಕಾಲರ ಹೊತ್ತಿಗೆ ಬಿಟ್ಟಿತು. ಎರಡು ಸಂಜೆಗೂ ಅಮಾವಾಸ್ಯೆ ತಾಗಿದ್ದರಿಂದ ಲಕ್ಷ್ಮೀಪೂಜೆ 31ಕ್ಕೋ 1ಕ್ಕೋ ಎಂದು ದೇಶದಲ್ಲೆಲ್ಲ ಚರ್ಚೆ ನಡೆದದ್ದು ನಿಮಗೆ ನೆನಪಿರಬಹುದು. ನಾವು ಆಗ ಇದ್ದದ್ದು ಮೆಕ್ಸಿಕೊದ ಗ್ವಾದಲಹಾರದಲ್ಲಿ. ಅಲ್ಲಿನ ಗಡಿಯಾರ ಭಾರತಕ್ಕಿಂತ ಹನ್ನೊಂದೂವರೆ ಗಂಟೆ ಹಿಂದೆ. ತಿಥಿ ಹಿಡಿಯುವ ಗಳಿಗೆ ಜಗತ್ತಿಗೆಲ್ಲ ಒಂದೇ ಆದರೂ, ಅದು ಯಾವ ದಿನಕ್ಕೆ ಸೇರುತ್ತದೆ ಎಂಬುದನ್ನು ಆಯಾ ಊರಿನ ಸೂರ್ಯ ಹೇಳಬೇಕು. ಗ್ವಾದಲಹಾರದಲ್ಲಿ ಅಮಾವಾಸ್ಯೆ 31ರ ನಸುಕಿಗೆ ಹಿಡಿದು 1ರ ಬೆಳಗ್ಗೆ ಏಳರೊಳಗೆ ಬಿಟ್ಟಿತ್ತು. ಸಿಕ್ಕಿದ್ದು ಒಂದೇ ಸಂಜೆ, ಗೊಂದಲವೇ ಇಲ್ಲ. ನಾವು ದೀಪ ಹಚ್ಚುವಾಗ ಊರಿನಲ್ಲಿ ನವೆಂಬರ್ 1ರ ಬೆಳಗು; ನಮ್ಮವ್ವ ಇನ್ನೂ ಅಂಗಳ ಸಾರಿಸುತ್ತಿದ್ದಳು.

ಆ ವರ್ಷದ ವಿಶೇಷ ಇಷ್ಟಕ್ಕೇ ನಿಲ್ಲಲಿಲ್ಲ. ನವೆಂಬರ್ 1 ಅಲ್ಲಿ ಪಾಡ್ಯ. ಅದೇ ದಿನ ಕನ್ನಡ ರಾಜ್ಯೋತ್ಸವ. ಅದೇ ದಿನ ಮೆಕ್ಸಿಕೊದವರು ತೀರಿಹೋದ ಮಕ್ಕಳನ್ನು ಮನೆಗೆ ಕರೆಯುತ್ತಾರೆ. ಮರುದಿನ, 2ಕ್ಕೆ, ದೊಡ್ಡವರನ್ನು. ದೀಪಾವಳಿ ಅವರ ಈ ಹಬ್ಬಕ್ಕೆ ಕೆಲವು ವರ್ಷ ಎರಡು ವಾರ ಹಿಂದೆ ಬೀಳುತ್ತದೆ, ಕೆಲವು ವರ್ಷ ಒಂದೆರಡು ವಾರ ಮುಂದೆ. 2024ರಲ್ಲಿ ಎರಡೂ ಒಂದಕ್ಕೊಂದು ಹೊಂದಿಕೊಂಡು ಬಂದವು. ನಾನು ಇವತ್ತು ಹೇಳಬೇಕಾದದ್ದೆಲ್ಲ ಆ ಮೂರು ದಿನಗಳಿಂದ ಬಂದದ್ದು.

ಮೆಕ್ಸಿಕೊದ ಈ ಹಬ್ಬವನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ತಲೆಬುರುಡೆಯ ಮುಖವರ್ಣಿಕೆಯ ಚಿತ್ರಗಳಲ್ಲಿ. ಟಿ.ವಿ.ಯಲ್ಲಿ ಕಾಣುವ ಮೆಕ್ಸಿಕೊ ನಗರದ ಆ ದೊಡ್ಡ ಮೆರವಣಿಗೆ ಶುರುವಾದದ್ದೇ 2016ರಲ್ಲಿ. ನಿಜವಾದ ಹಬ್ಬ ಇರುವುದು ಮನೆಯೊಳಗೆ ಮತ್ತು ಸ್ಮಶಾನದಲ್ಲಿ. ಮನೆಯ ಒಂದು ಗೋಡೆಗೆ ಮೇಜು ಜೋಡಿಸಿ, ಮೇಲೆ ಪೆಟ್ಟಿಗೆಗಳನ್ನಿಟ್ಟು ಮೆಟ್ಟಿಲು ಮಾಡಿ, ಬಟ್ಟೆ ಹಾಸುತ್ತಾರೆ. ನಮ್ಮ ಗೊಂಬೆ ಕೂರಿಸುವ ಮೆಟ್ಟಿಲುಗಳಿದ್ದಂತೆಯೇ. ಅದಕ್ಕೆ ಒಫ್ರೆಂದಾ ಎನ್ನುತ್ತಾರೆ. ತೀರಿಹೋದವರ ಫೋಟೊ, ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು, ಮೇಣದ ಬತ್ತಿ, ಕೊಪಾಲ್ ಎಂಬ ಮರದಂಟಿನ ಧೂಪ, ಬಣ್ಣದ ಕಾಗದ ಕತ್ತರಿಸಿ ಮಾಡಿದ ತೋರಣ. ನೀರು ಯಾಕೆಂದರೆ ದೂರದಿಂದ ನಡೆದು ಬಂದವರಿಗೆ ಬಾಯಾರಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅವರವರಿಗೆ ಇಷ್ಟವಾದ ಊಟ. ಸಿಗರೇಟು ಸೇದುತ್ತಿದ್ದವರಿಗೆ ಸಿಗರೇಟು, ಟಕೀಲಾ ಕುಡಿಯುತ್ತಿದ್ದವರಿಗೆ ಒಂದು ಸಣ್ಣ ಗ್ಲಾಸು ಟಕೀಲಾ. ಬೀದಿಯ ಬಾಗಿಲಿನಿಂದ ಒಫ್ರೆಂದಾದ ತನಕ ಚೆಂಡು ಹೂವಿನ ಎಸಳು ಚೆಲ್ಲಿ ದಾರಿ ಮಾಡುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಹಿರಿಯರು ತಮ್ಮ ಮನೆಯನ್ನು ಗುರುತಿಸಿ ಬರುತ್ತಾರೆ ಎಂಬುದು ನಂಬಿಕೆ.

ಇದನ್ನು ಕೇಳುವಾಗ ಈ ಸಭೆಯಲ್ಲಿ ಹಲವರ ಮುಖದಲ್ಲಿ ಗುರುತು ಹತ್ತಿದ್ದು ನನಗೆ ಕಾಣುತ್ತಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೀಪಾವಳಿ ಎಂದರೆ ಹಿರಿಯರ ಹಬ್ಬವೂ ಹೌದು. ಮೈಸೂರು ಸೀಮೆಯಲ್ಲಿ ಇದನ್ನು ಹೆಚ್ಚಾಗಿ ಮಹಾಲಯ ಅಮಾವಾಸ್ಯೆಗೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ದೀಪಾವಳಿಗೆ. ಗೋಡೆಗೆ ಒರಗಿಸಿ ಕಳಸ ಇಟ್ಟು, ಅದರ ಮುಂದೆ ಹೊಸ ಪಂಚೆ, ಹೊಸ ಸೀರೆ, ಕುಪ್ಪಸದ ಕಣ ಇಡುತ್ತಾರೆ. ಬಾಳೆ ಎಲೆಯಲ್ಲಿ ಎಡೆ. ಅಜ್ಜನಿಗೆ ಬೀಡಿ ಬೇಕೆಂದರೆ ಬೀಡಿ, ಅಜ್ಜಿಗೆ ಹೊಗೆಸೊಪ್ಪು. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಜಗುಲಿಯ ಮೇಲೆ ಕೂರುತ್ತೇವೆ. ಹಿರಿಯರು ಊಟ ಮಾಡುವಾಗ ಎದುರಿಗೆ ನಿಂತು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಮನೆಯ ಹಿರಿಯ ಮಗ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುತ್ತಾನೆ.

ಈ ಆಚರಣೆ ಊರು ಬಿಟ್ಟವರ ಜೊತೆ ಬರುವುದಿಲ್ಲ. ದೀಪ ಬರುತ್ತದೆ, ಪಟಾಕಿ ಬರುತ್ತದೆ, ಲಕ್ಷ್ಮೀಪೂಜೆ ಬರುತ್ತದೆ, ಸಿಹಿ ಬರುತ್ತದೆ. ಎಡೆ ಮಾತ್ರ ಊರಿನ ಮೂಲ ಮನೆಯಲ್ಲಿ, ದೊಡ್ಡಣ್ಣನ ಪಾಲಿಗೆ ಉಳಿಯುತ್ತದೆ. ಬೆಂಗಳೂರಿಗೆ ಹೋದವರಲ್ಲೇ ಹೀಗಾದರೆ, ಗ್ವಾದಲಹಾರಕ್ಕೆ ಹೋದವರ ಮಾತೇನು? ಅಲ್ಲಿಯ ಭಾರತೀಯರಲ್ಲಿ ಬಹುಪಾಲು ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕೆ ಬಂದವರು. ಕ್ಲಬ್‌ಹೌಸ್ ಬಾಡಿಗೆಗೆ ಹಿಡಿದು, ಊಟ ತರಿಸಿ, ಮಕ್ಕಳ ಕುಣಿತ ಇಟ್ಟು, ವಾರಾಂತ್ಯಕ್ಕೆ ಹಬ್ಬ ಮುಗಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಕೆಲಸದ ನಡುವೆ ಅಷ್ಟು ಮಾಡುವುದೂ ಸುಲಭವಲ್ಲ. ಆದರೆ ಆ ಹಬ್ಬ ದುಬೈಯಲ್ಲಾದರೂ ಡಲ್ಲಾಸಿನಲ್ಲಾದರೂ ಒಂದೇ. ಮೆಕ್ಸಿಕೊದಲ್ಲಿ ಹಬ್ಬ ಮಾಡಿದವರಿಗೆ ಬೇರೆಲ್ಲೂ ಸಿಗದ್ದೊಂದು ಸಿಗುತ್ತದೆ ಎಂಬುದು ನನ್ನ ಮಾತು. ಊರಿನಲ್ಲಿ ಬಿಟ್ಟುಬಂದ ಎಡೆ ಅಲ್ಲಿ ಪಕ್ಕದ ಮನೆಯಲ್ಲೇ ಇರುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಓಣಿಯಲ್ಲಿ ಎಲ್ಲರೂ ಅವರನ್ನು ದೊನ್ಯಾ ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಅಮ್ಮೋರೇ ಎನ್ನುವಷ್ಟು ಮರ್ಯಾದೆಯ ಕರೆ ಅದು. ನಮ್ಮ ಹಬ್ಬದ ತಯಾರಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಸತ್ತವರ ಫೋಟೊ ಎಲ್ಲಿ?" ಫೋನಿನಲ್ಲಿತ್ತು. ಅವರ ಮೊಮ್ಮಗ ಅದನ್ನು ಮೂಲೆಯ ಅಂಗಡಿಗೆ ಒಯ್ದು ಅಚ್ಚು ಹಾಕಿಸಿಕೊಂಡು ಬಂದ. ಪೇಟ ಸುತ್ತಿದ ನಮ್ಮಜ್ಜ ಅವರ ಮನೆಯ ಒಫ್ರೆಂದಾದಲ್ಲಿ, ಮೀಸೆ ಹೊತ್ತ ಅವರ ಯಜಮಾನರ ಪಕ್ಕದಲ್ಲಿ ಕೂತರು. ನಾನು ವಿಡಿಯೊದಲ್ಲಿ ಅವ್ವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಅವ್ರಿಗೂ ಹಿರೇರ ಹಬ್ಬ ಐತಾ? ಹಂಗಾರೆ ಎಡಿ ಇಡವ್ವಾ, ಅಲ್ಲಿಗೆ ಬಂದು ಉಣ್ಲಿ" ಅಂದಳು.

ಇದಕ್ಕೆ ಎಲ್ಲರೂ ಒಪ್ಪಿದರೆಂದು ತಿಳಿಯಬೇಡಿ. ಲಕ್ಷ್ಮಿ ಬರುವ ಹೊತ್ತಿಗೆ ಸಾವಿನ ವಿಚಾರ ಯಾಕೆ, ಬುರುಡೆಯ ಆಕಾರದ ಸಕ್ಕರೆ ಮಿಠಾಯಿ ಹಬ್ಬದ ಮನೆಯಲ್ಲಿ ಅಮಂಗಳವಲ್ಲವೇ ಎಂದು ನಮ್ಮ ಬಳಗದಲ್ಲೇ ಕೆಲವರು ಕೇಳಿದರು. ಅದು ಶ್ರದ್ಧೆಯಿಂದ ಕೇಳಿದ ಪ್ರಶ್ನೆ. ಉತ್ತರ ನಮ್ಮ ಶಾಸ್ತ್ರದಲ್ಲೇ ಇದೆ. ದೀಪಾವಳಿಯ ಸಂಜೆ ಉಲ್ಕಾದಾನ ಎಂಬ ವಿಧಿ ಇದೆ. ಕೊಳ್ಳಿ ಹೊತ್ತಿಸಿ ಎತ್ತಿ ಹಿಡಿಯುವುದು. ಅಲ್ಲಿ ಹೇಳುವ ಶ್ಲೋಕದ ಅರ್ಥ ಇಷ್ಟು: ಯಮಲೋಕ ಬಿಟ್ಟು ಮಹಾಲಯಕ್ಕೆ ಬಂದ ಪಿತೃಗಳು ಈ ಬೆಳಕಿನಲ್ಲಿ ದಾರಿ ಕಂಡುಕೊಂಡು ಮರಳಲಿ. ಮಹಾಲಯಕ್ಕೆ ಬಂದ ಹಿರಿಯರನ್ನು ಮುಂದಿನ ಅಮಾವಾಸ್ಯೆಗೆ ದೀಪ ಹಿಡಿದು ಬೀಳ್ಕೊಡುತ್ತೇವೆ. ತ್ರಯೋದಶಿಗೆ ಯಮದೀಪ ಇಡುತ್ತೇವೆ. ಕಾರ್ತಿಕದಲ್ಲಿ ಆಕಾಶಬುಟ್ಟಿ ತೂಗುಹಾಕುವುದರ ಹಿಂದೆಯೂ ಇದೇ ಭಾವನೆ ಇದೆ. ಪಾಡ್ಯದ ದಿನ ಯಾರ ಪೂಜೆ? ಪಾತಾಳಕ್ಕೆ ತುಳಿಯಲ್ಪಟ್ಟು, ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುವ ಬಲಿ ಚಕ್ರವರ್ತಿಯ ಪೂಜೆ. ಕರಾವಳಿಯಲ್ಲಿ ಗದ್ದೆಗೆ ದೀಪ ಒಯ್ದು "ಕೂ" ಎಂದು ದನಿ ಎತ್ತಿ ಬಲೀಂದ್ರನನ್ನು ಕರೆಯುತ್ತಾರೆ. ಹೋದವರು ವರ್ಷಕ್ಕೊಮ್ಮೆ ಬರುತ್ತಾರೆ, ಅವರಿಗೆ ದಾರಿ ತೋರಿಸಬೇಕು ಎಂಬುದು ದೀಪಾವಳಿಯ ಒಳಗೇ ಇರುವ ಸಂಗತಿ. ಮೆಕ್ಸಿಕೊದವರ ಹೂವಿನ ದಾರಿ ಬರುವವರಿಗೆ, ನಮ್ಮ ಉಲ್ಕೆಯ ಬೆಳಕು ಹೊರಟವರಿಗೆ. ಇವೆರಡನ್ನೂ ಒಂದೇ ವಾರದಲ್ಲಿ ಕಂಡ ಮೇಲೆ, ದೀಪಾವಳಿಯನ್ನು ಬರೀ ಸಂಪತ್ತಿನ ಹಬ್ಬವೆಂದು ತಿಳಿಯುವುದು ನನ್ನಿಂದ ಆಗುವುದಿಲ್ಲ.

ಇನ್ನು ಅಡುಗೆಗೆ ಬರುತ್ತೇನೆ, ನೀವೆಲ್ಲ ಕಾಯುತ್ತಿರುವುದು ಅದಕ್ಕೇ.

ಗ್ವಾದಲಹಾರದ ಹಳೆಯ ಪೇಟೆಯ ನಡುವೆ ಸಾನ್ ಹುವಾನ್ ದೆ ದಿಯೋಸ್ ಎಂಬ ದೊಡ್ಡ ಮಾರುಕಟ್ಟೆ ಇದೆ. 1958ರಲ್ಲಿ ಕಟ್ಟಿದ, ಹಲವು ಮಹಡಿಗಳ ಕಟ್ಟಡ. ಹಬ್ಬದ ಸಾಮಾನಿನ ಚೀಟಿ ಹಿಡಿದು ಅಲ್ಲಿಗೆ ಹೋದರೆ ಅಚ್ಚರಿ ಕಾದಿರುತ್ತದೆ. ಬೆಲ್ಲ ಬೇಕೇ? ಪಿಲೊನ್ಸಿಯೊ ಎಂಬ ಕಂದು ಬಣ್ಣದ ಬೆಲ್ಲ, ಮೊನೆ ಮೊಂಡಾದ ಗೋಪುರದ ಅಚ್ಚಿನಲ್ಲಿ, ರಾಶಿ ರಾಶಿ ಇದೆ. ತೆಂಗಿನಕಾಯಿ ಕೊಲಿಮಾ ಕರಾವಳಿಯಿಂದ ಬರುತ್ತದೆ. ಹುಣಸೆ, ಎಳ್ಳು, ಶೇಂಗಾ, ಬಾಳೆ ಎಲೆ, ಕೊತ್ತಂಬರಿ, ಕುಂಬಳದ ಹೂವು ಎಲ್ಲ ಇವೆ. ಒಣಮೆಣಸಿನಕಾಯಿಯ ಸಾಲಿನಲ್ಲಿ ನಿಂತರೆ ಬ್ಯಾಡಗಿಯ ಪೇಟೆ ನೆನಪಾಗುತ್ತದೆ. ಗ್ವಾಹಿಯೊ ಎಂಬ ಮೆಣಸಿನಕಾಯಿ ಬ್ಯಾಡಗಿಯಂತೆ ಬಣ್ಣ ಹೆಚ್ಚು ಕೊಟ್ಟು ಖಾರ ಕಡಿಮೆ ಕೊಡುತ್ತದೆ. ಖಾರಕ್ಕೆ ಆರ್ಬೊಲ್ ಎಂಬ ಸಣ್ಣದನ್ನು ನಾಲ್ಕು ಸೇರಿಸಿದರೆ ಸಾರಿನ ಪುಡಿ ಸರಿಯಾಗಿ ಬರುತ್ತದೆ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೂಲವೂ ಅಲ್ಲಿಯದೇ. ಮೆಣಸಿನಕಾಯಿಯನ್ನು ಮೊದಲು ಬೆಳೆಸಿ ಪಳಗಿಸಿದವರು ಮೆಕ್ಸಿಕೊದ ಮೂಲನಿವಾಸಿಗಳು. ಪೋರ್ಚುಗೀಸರ ಹಡಗುಗಳು ಬರುವ ತನಕ ನಮ್ಮ ಅಡುಗೆಯ ಖಾರವೆಲ್ಲ ಕಾಳುಮೆಣಸು, ಹಿಪ್ಪಲಿ, ಶುಂಠಿಯದು. ಟೊಮೆಟೊ, ಮುಸುಕಿನ ಜೋಳ, ಚಿಕ್ಕು ಕೂಡ ಆ ಕಡೆಯಿಂದಲೇ ಬಂದವು. ಆಯುಧಪೂಜೆಗೆ ಬಸ್ಸಿಗೂ ಲಾರಿಗೂ ಕಟ್ಟುವ ಚೆಂಡು ಹೂವಿನ ತವರೂ ಮೆಕ್ಸಿಕೊ.

ಸರಕು ಒಂದೇ ದಿಕ್ಕಿಗೆ ಹರಿಯಲಿಲ್ಲ. 1565ರಿಂದ 1815ರ ತನಕ, ಇನ್ನೂರೈವತ್ತು ವರ್ಷ, ಫಿಲಿಪೀನ್ಸಿನ ಮನಿಲಾಕ್ಕೂ ಮೆಕ್ಸಿಕೊದ ಅಕಪುಲ್ಕೊ ಬಂದರಿಗೂ ಸ್ಪೇನಿನ ಹಡಗುಗಳು ಓಡಾಡಿದವು. ಏಷ್ಯಾದ ಬಟ್ಟೆ, ಸಾಂಬಾರ ಪದಾರ್ಥ ಆ ದಾರಿಯಲ್ಲಿ ಹೋದವು. ಮಾವೂ ಹೋಯಿತು, ಇಂದಿಗೂ ಅಲ್ಲಿ ಒಂದು ಮಾವಿನ ತಳಿಯ ಹೆಸರೇ ಮನಿಲಾ. ಫಿಲಿಪೀನ್ಸಿನ ನಾವಿಕರು ಕೊಲಿಮಾದವರಿಗೆ ತೆಂಗಿನ ನೀರಾ ಇಳಿಸುವುದನ್ನು ಕಲಿಸಿದರು. ತೂಬಾ ಎನ್ನುತ್ತಾರೆ ಅದಕ್ಕೆ; ಬೀದಿಯಲ್ಲಿ ಹೊತ್ತು ಮಾರುವವರು ಮೇಲೆ ಶೇಂಗಾ ಉದುರಿಸಿ ಕೊಡುತ್ತಾರೆ. ಮನುಷ್ಯರೂ ಹೋದರು, ತಮ್ಮ ಇಷ್ಟದಿಂದಲ್ಲ. 17ನೇ ಶತಮಾನದ ಮೊದಲ ಭಾಗದಲ್ಲಿ ಭಾರತದ ಒಬ್ಬ ಹುಡುಗಿಯನ್ನು ಪೋರ್ಚುಗೀಸ್ ಕಡಲುಗಳ್ಳರು ಹಿಡಿದರು. ಕೊಚ್ಚಿ, ಮನಿಲಾ ದಾಟಿಸಿ ಮೆಕ್ಸಿಕೊದ ಪುಯೆಬ್ಲಾ ನಗರದಲ್ಲಿ ಅವಳನ್ನು ಮಾರಿದರು. ಅಲ್ಲಿ ಅವಳಿಗೆ ಇಟ್ಟ ಹೆಸರು ಕತಾರಿನಾ ದೆ ಸಾನ್ ಹುವಾನ್. ಮುಂದೆ ಊರಿನವರು ಸಂತಳೆಂದು ಗೌರವಿಸುವಷ್ಟು ಬಾಳಿ, 1688ರಲ್ಲಿ ತೀರಿಕೊಂಡಳು. ಮೆಕ್ಸಿಕೊದಲ್ಲಿ ಹಬ್ಬದ ದಿನ ಊರನ್ನು ನೆನೆದ ಮೊದಲ ಭಾರತೀಯರಲ್ಲಿ ಅವಳೊಬ್ಬಳು ಎಂದು ನಾನು ಎಣಿಸುತ್ತೇನೆ. ಅವಳಿಗೆ ವಿಡಿಯೊ ಕರೆ ಇರಲಿಲ್ಲ, ಮರಳುವ ಟಿಕೆಟ್ಟೂ ಇರಲಿಲ್ಲ. ನಮ್ಮ ದೂರದ ದುಃಖವನ್ನು ಹೇಳಿಕೊಳ್ಳುವಾಗ ಅವಳ ನೆನಪು ಇರಬೇಕು.

ಮಾರುಕಟ್ಟೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ರಾಜಗಿರಿ. ಏಕಾದಶಿಗೆ ನಮ್ಮ ಕಡೆ ತಿನ್ನುವ ರಾಜಗಿರಿ ಉಂಡೆ ನಿಮಗೆಲ್ಲ ಗೊತ್ತು. ಅದೇ ಹುರಿದ ಕಾಳು, ಅದೇ ಬೆಲ್ಲದ ಪಾಕ, ಮೇಲೆ ಶೇಂಗಾ. ಅಲ್ಲಿ ಅಲೆಗ್ರಿಯಾ ಎಂದು ಬಿಲ್ಲೆ ಕತ್ತರಿಸಿ ಮಾರುತ್ತಾರೆ. ಸ್ಪೇನಿನವರು ಬರುವ ಮೊದಲು ಮೆಕ್ಸಿಕೊದಲ್ಲಿ ಆಳುತ್ತಿದ್ದ ಅಜ್ಟೆಕ್ ಜನ ರಾಜಗಿರಿ ಹಿಟ್ಟಿಗೆ ಸಿಹಿ ಕಲಸಿ ದೇವರ ಮೂರ್ತಿ ಮಾಡಿ, ಪೂಜಿಸಿ, ಮುರಿದು ಹಂಚಿ ತಿನ್ನುತ್ತಿದ್ದರು. ಸ್ಪೇನಿನ ಪಾದ್ರಿಗಳಿಗೆ ಅದು ಸಹಿಸಲಿಲ್ಲ. ಆ ಪೂಜೆಯನ್ನು ಹತ್ತಿಕ್ಕಿದರು, ಬೆಳೆಯೂ ಸೊರಗಿತು. ಅವರ ನೈವೇದ್ಯದ ಧಾನ್ಯ ಕಡಲು ದಾಟಿ ಬಂದು ನಮ್ಮ ಉಪವಾಸದ ಆಹಾರವಾಯಿತು. ಎರಡು ಕಡೆಯೂ ಅದಕ್ಕೆ ದೇವರ ನಂಟು ತಪ್ಪಲಿಲ್ಲ ಎಂಬುದು ನನಗೆ ಬಹಳ ದೊಡ್ಡ ಸಂಗತಿ ಅನ್ನಿಸುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಮೆಕ್ಸಿಕೊದ ಅಡುಗೆಯಲ್ಲಿ ಹುರುಳಿಕಾಯಿ ಬೀಜ, ಪಾಪಾಸುಕಳ್ಳಿಯ ಎಳೆ ಹಾಳೆ, ಕುಂಬಳದ ಹೂವು, ಅಣಬೆ ಧಾರಾಳವಾಗಿವೆ. ಆದರೆ ಬೇಯಿಸಿ ಮಸೆದ ಕಾಳಿಗೂ, ಹೊಂಬಾಳೆಯಂತೆ ಮುಸುಕಿನ ಜೋಳದ ಸಿಪ್ಪೆ ಸುತ್ತಿ ಹಬೆಯಲ್ಲಿ ಬೇಯಿಸುವ ತಮಾಲೆ ಎಂಬ ಕಡುಬಿಗೂ ಹಂದಿಯ ಕೊಬ್ಬು ಹಾಕುವುದು ಅಲ್ಲಿನ ವಾಡಿಕೆ. ಮಾಂತೆಕಾ ಹಾಕಿದ್ದೀರಾ ಎಂದು ಕೇಳಿಯೇ ತಿನ್ನಬೇಕು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ದೊನ್ಯಾ ನಮಗಾಗಿ ಬೆಣ್ಣೆ ಹಾಕಿ ಬೇರೆ ಪಾತ್ರೆಯಲ್ಲಿ ತಮಾಲೆ ಮಾಡಿದರು. ಹಿರಿಯರಿಗೆಂದು ಸುಡುವ, ಮೇಲೆ ಎಲುಬಿನ ಆಕಾರ ಕೂರಿಸಿದ ಸಿಹಿ ಬ್ರೆಡ್ಡಿನಲ್ಲಿ ಮೊಟ್ಟೆ ಇರುತ್ತದೆ. ಅದನ್ನೂ ನಮಗಾಗಿ ಮೊಟ್ಟೆ ಬಿಟ್ಟು ಸುಟ್ಟರು.

ಹೋಳಿಗೆ ಮಾಡಿದ್ದು ಅವರ ಅಡುಗೆಮನೆಯಲ್ಲೇ. ಕಡಲೆಬೇಳೆ ಹತ್ತಿರದಲ್ಲಿ ಸಿಗದು. ಬಿಳಿ ಕಡಲೆಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಅಂಗೈಯಲ್ಲಿ ಉಜ್ಜಿ ಸಿಪ್ಪೆ ತೆಗೆದರೆ ಬೇಳೆಯ ಕೆಲಸ ಮಾಡುತ್ತದೆ, ಹೂರಣ ಸ್ವಲ್ಪ ಮೆತ್ತಗೆ ಬರುತ್ತದೆ ಅಷ್ಟೆ. ಪಿಲೊನ್ಸಿಯೊ ಕಲ್ಲಿನಂತೆ ಗಟ್ಟಿ. ನೀರು ಹಾಕಿ ಕರಗಿಸಿ ಸೋಸಲೇಬೇಕು. ಆ ನೀರು ಆರುವ ತನಕ ಹೂರಣವನ್ನು ಒಲೆಯ ಮೇಲೆ ಮಗುಚುತ್ತಿರಬೇಕು, ಬಿಟ್ಟರೆ ಕಣಕ ಒಡೆದು ಹೊರಗೆ ಬರುತ್ತದೆ. ನಾನು ಮಿಕ್ಸಿ ತರಲು ಎದ್ದೆ. ದೊನ್ಯಾ ಕೈಯಾಡಿಸಿ ಬೇಡವೆಂದು ಮೂಲೆಯಿಂದ ತಮ್ಮ ತಾಯಿಯ ಕಾಲದ ಮೆತಾತೆ ಎಳೆದರು. ಮೂರು ಕಾಲಿನ, ಮುಂದಕ್ಕೆ ಇಳಿಜಾರಾದ ಕರಿಕಲ್ಲು, ಮೇಲೆ ಎರಡೂ ಕೈಯಲ್ಲಿ ಹಿಡಿಯುವ ಉದ್ದನೆಯ ಗುಂಡು. ನೆಲಕ್ಕೆ ಮೊಣಕಾಲೂರಿ, ಮೈಯ ಭಾರ ಬಿಟ್ಟು ಒಂದು ಸಲ ಮುಂದಕ್ಕೆ ತಳ್ಳಿದರೆ ಹೂರಣ ಬೆಣ್ಣೆಯಾಗಿ ಕೆಳಗಿಳಿಯಿತು. ಏಲಕ್ಕಿ ವಾಸನೆ ಎದ್ದಾಗ ಅವರು ಕೆಲಸ ನಿಲ್ಲಿಸಿ ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದರು. ಬಾಳೆ ಎಲೆಗೆ ಎಣ್ಣೆ ಸವರಿ ನಾನು ತಟ್ಟಿದ್ದನ್ನು ಕಂಡು, ಒಂದು ಉಂಡೆ ತಮ್ಮ ಕೈಗೆ ತೆಗೆದುಕೊಂಡು, ಎಲೆಯೇ ಇಲ್ಲದೆ ಎರಡು ಅಂಗೈಗಳ ನಡುವೆ ಆಡಿಸಿ ಆಡಿಸಿ ದುಂಡಗೆ ಮಾಡಿದರು. ಮುಸುಕಿನ ಜೋಳದ ಹಿಟ್ಟು ತಟ್ಟಿ ಬೆಳೆದ ಕೈ. ಅವರ ಹೋಳಿಗೆ ನನ್ನದಕ್ಕಿಂತ ದಪ್ಪ, ಅಂಚು ನನ್ನದಕ್ಕಿಂತ ಸಮ. ಬೇಯಿಸಿದ್ದು ಮಣ್ಣಿನ ಹಂಚಿನ ಮೇಲೆ, ಕೊಮಾಲ್ ಎನ್ನುತ್ತಾರೆ. ಹಿಟ್ಟು ಅಂಟದಿರಲೆಂದು ಅದಕ್ಕೆ ಮೊದಲೇ ಸುಣ್ಣದ ನೀರು ಬಳಿದು ಪಳಗಿಸಿರುತ್ತಾರೆ.

2ರ ಸಂಜೆ ಒಫ್ರೆಂದಾದ ಮೇಲೆ ಅವರ ಅಡುಗೆಯ ಜೊತೆ ನಮ್ಮ ಎಡೆ ಇಟ್ಟೆವು. ಹೋಳಿಗೆ, ತುಪ್ಪ, ಅನ್ನ, ಸಾರು, ರಾಜಗಿರಿ ಬಿಲ್ಲೆ. ಅಜ್ಜನಿಗೆ ಬೀಡಿ ಇರಲಿಲ್ಲ. ತಮ್ಮ ಯಜಮಾನರ ಸಿಗರೇಟಿನ ಪ್ಯಾಕಿನಿಂದ ಒಂದನ್ನು ತೆಗೆದು ದೊನ್ಯಾ ಅಜ್ಜನ ಮುಂದೆ ಇಟ್ಟರು. ಹಿರಿಯರು ಊಟಕ್ಕೆ ಬಂದಾಗ ಅವರ ಮನೆಯಲ್ಲಿ ಎಲ್ಲರೂ ಸುತ್ತ ಕೂತು ಮಾತಾಡುತ್ತಾರೆ, ಹಾಡುತ್ತಾರೆ. ನಾವು ಬಾಗಿಲು ಎಳೆದುಕೊಂಡು ಹೊರಗೆ ಕೂರುತ್ತೇವೆಂದು ಹೇಳಿದಾಗ ಅವರು ಯೋಚಿಸಿ, "ಹಾಗಾದರೆ ನಿಮ್ಮಜ್ಜನಿಗೆ ಸಂಕೋಚವಾಗಬಾರದು" ಎಂದು ಮಕ್ಕಳು ಮೊಮ್ಮಕ್ಕಳನ್ನೆಲ್ಲ ಎಬ್ಬಿಸಿ ಪಡಸಾಲೆಯಿಂದ ಅಂಗಳಕ್ಕೆ ಕಳಿಸಿದರು. ಅಂದು ಎರಡು ಮನೆಯವರೂ ಅಂಗಳದಲ್ಲಿ ಕೂತಿದ್ದೆವು. ಬಾಗಿಲು ತಟ್ಟಿದ್ದು ಅವರ ಹಿರಿಯ ಮಗ.

ಮಾತು ಮುಗಿದ ಮೇಲೆ ಸಭೆಯಿಂದ ಎರಡು ಪ್ರಶ್ನೆ ಬಂದವು. ಅವನ್ನೂ ಸೇರಿಸುತ್ತೇನೆ.

ಮಕ್ಕಳಿಗೆ ಗೊಂದಲವಾಗಲಿಲ್ಲವೇ, ಯಾವುದು ನಮ್ಮದು ಯಾವುದು ಅವರದು ಎಂದು ಒಬ್ಬರು ತಾಯಿ ಕೇಳಿದರು. ಆಗಲಿಲ್ಲ. ಲಕ್ಷ್ಮೀಪೂಜೆ ನಮ್ಮ ಮನೆಯಲ್ಲಿ, ಒಫ್ರೆಂದಾ ದೊನ್ಯಾ ಮನೆಯಲ್ಲಿ. ಮಕ್ಕಳಿಗೆ ಮನೆ ಗೊತ್ತಿತ್ತು. ಊರಿಗೆ ಮರಳಿದ ಮೇಲೆ, ಮುಂದಿನ ದೀಪಾವಳಿಗೆ ದೊಡ್ಡಪ್ಪನ ಮನೆಯ ಎಡೆಯ ಮುಂದೆ ಒಂದು ಲೋಟ ನೀರು ಇಡಲಿಲ್ಲ ಯಾಕೆ ಎಂದು ಮಗಳು ಕೇಳಿದಳು. ಅವ್ವ ತಾನೇ ಎದ್ದು ಹೋಗಿ ತಂದಿಟ್ಟಳು.

ಇಷ್ಟೆಲ್ಲ ಸಿಕ್ಕಿತು ಅಂದಿರಿ, ಸಿಗದೇ ಹೋದದ್ದು ಏನು ಎಂಬುದು ಹಿರಿಯರೊಬ್ಬರ ಪ್ರಶ್ನೆ. ಅಡಿಕೆ ಸಿಗಲಿಲ್ಲ. ಊರಿನಿಂದ ತಂದುಕೊಂಡವರ ಹತ್ತಿರ ಇಸಿದುಕೊಂಡೆವು. ವೀಳ್ಯದೆಲೆಯೂ ಸಿಗಲಿಲ್ಲ. ಆದರೆ ಮಾರುಕಟ್ಟೆಯ ಸೊಪ್ಪಿನ ಸಾಲಿನಲ್ಲಿ ಓಹಾ ಸಾಂತಾ ಎಂಬ ಎಲೆ ಮಾರುತ್ತಾರೆ. ಅಂಗೈಗಿಂತ ದೊಡ್ಡದು, ವೀಳ್ಯದೆಲೆಯದೇ ಆಕಾರ, ಹಿಸುಕಿದರೆ ಸೋಂಪಿನ ವಾಸನೆ. ಕಾಳುಮೆಣಸು, ವೀಳ್ಯದೆಲೆ ಸೇರಿದ ಕುಲಕ್ಕೇ ಸೇರಿದ ಗಿಡ ಅದು. ಉಡುಪಿ ಕಡೆಯ ಗೆಳತಿಯೊಬ್ಬರು ಅದನ್ನು ಕೊಂಡು, ತೊಟ್ಟು ಮುರಿದು, ತೆಂಗಿನಕಾಯಿಯ ಕೆಳಗಿಟ್ಟು ಪೂಜೆ ಮಾಡಿದರು. ನಮ್ಮ ಬಳಗದಲ್ಲಿ ಈಗ ಎಲ್ಲರೂ ಅದನ್ನೇ ಇಡುತ್ತಾರೆ.